ಎಸ್.ಆರ್. ಬೊಮ್ಮಾಯಿಯವರ ರಾಜಕೀಯ ಬದುಕನ್ನು ನಾನು ಬರೆದ ಬಗೆ

2018ರ ಮೇ ತಿಂಗಳಲ್ಲಿ, ಯಡಿಯೂರಪ್ಪನವರು ವಿಶ್ವಾಸಮತಕ್ಕೆ ಮುನ್ನವೇ ರಾಜೀನಾಮೆ ಕೊಟ್ಟ ವಾರದಲ್ಲಿ, ಸರ್ಕಾರದ ಬಹುಮತ ಸದನದಲ್ಲಿಯೇ ಸಾಬೀತಾಗಬೇಕೆಂದ ಸುಪ್ರೀಂ ಕೋರ್ಟಿನ ‘ಬೊಮ್ಮಾಯಿ ಪ್ರಕರಣ’ದ ಮಾತು ಟಿವಿಯಲ್ಲಿ ದಿನಕ್ಕೆ ಹತ್ತಾರು ಸಲ ಕೇಳಿಬರುತ್ತಿತ್ತು. ಆಗ ನಾನು ಹುಬ್ಬಳ್ಳಿಯ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದೆ. ಕಾಲೇಜು ಶುರುವಾದ ಮೇಲೆ ಆ ಬೊಮ್ಮಾಯಿ ಯಾರೆಂದು ತರಗತಿಯಲ್ಲಿ ಕೇಳಿದರೆ, ಎದ್ದು ನಿಂತ ಹುಡುಗರೆಲ್ಲರೂ ಶಿಗ್ಗಾವಿಯ ಅಂದಿನ ಶಾಸಕರಾದ ಮಗ ಬಸವರಾಜರ ಹೆಸರನ್ನೇ ಹೇಳಿದರು. ಪ್ರಕರಣಕ್ಕೆ ಹೆಸರು ಕೊಟ್ಟ ತಂದೆ, ಒಂದು ಕಾಲದ ಮುಖ್ಯಮಂತ್ರಿ ಸೋಮಪ್ಪ ರಾಯಪ್ಪ ಬೊಮ್ಮಾಯಿಯವರು ನಮ್ಮೂರಿನಲ್ಲಿಯೇ ವಕೀಲಿ ಮಾಡಿದವರು ಎಂಬುದು ಒಬ್ಬರಿಗೂ ತಿಳಿದಿರಲಿಲ್ಲ. ಆದ್ದರಿಂದ, ನಾನು ನಿವೃತ್ತನಾದ ಮೇಲೆ, ಅವರ ಜನ್ಮಶತಮಾನದ ವರ್ಷದಲ್ಲಿ ಗೆಳೆಯರು ಕೆಲವರು ಸಣ್ಣದೊಂದು ಪುಸ್ತಿಕೆ ಬರೆದುಕೊಡಿ ಎಂದಾಗ ನಾನು ಎರಡನೆಯ ಮಾತಾಡದೆ ಒಪ್ಪಿಕೊಂಡೆ.

ಮೊದಲ ತಿಂಗಳು ಹಾಳಾಯಿತೆಂದೇ ಹೇಳಬೇಕು. ಹಳೆಯ ಕಾರ್ಯಕರ್ತರ ಮನೆಗಳಿಗೆ ಹೋಗಿ, ಚಹಾ ಕುಡಿದು, ಅವರು ಹೇಳಿದ್ದನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದೆ. ಅದನ್ನೇ ಹೆಣೆದು ಮೊದಲ ಕರಡನ್ನೂ ಸಿದ್ಧಮಾಡಿದೆ. ಅದರಲ್ಲಿ, ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಲ್ಲಿ 1994ರಲ್ಲಿ ಬೊಮ್ಮಾಯಿಯವರು ಜಗದೀಶ ಶೆಟ್ಟರ ಎದುರು ಸೋತರು ಎಂಬ ವಾಕ್ಯವಿತ್ತು. ಹೇಳಿದವರು ‘ಬೊಮ್ಮಾಯಿಯವರು’ ಎಂದಿದ್ದರೇ ಹೊರತು ಯಾವ ಬೊಮ್ಮಾಯಿ ಎಂದಿರಲಿಲ್ಲ, ನಾನೂ ಕೇಳಿರಲಿಲ್ಲ. ಚುನಾವಣಾ ಆಯೋಗದ ಅಂಕಿಅಂಶಗಳ ವರದಿಯನ್ನು ತೆರೆದಾಗಲೇ ಸೋತವರು ಮಗ ಬಸವರಾಜರೆಂದು ಗೊತ್ತಾದದ್ದು. ತಂದೆ 1978, 1983 ಮತ್ತು 1985ರಲ್ಲಿ ಗೆದ್ದುಬಂದ ಆ ಕ್ಷೇತ್ರದ ಹೆಸರೇ 2008ರ ಮರುವಿಂಗಡಣೆಯಲ್ಲಿ ಹೋಗಿ, ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ಎಂಬ ಹೊಸ ಹೆಸರು ಬಂದದ್ದರಿಂದ, ಇಂದಿನವರನ್ನು ಕೇಳಿ ಸರಿಪಡಿಸಿಕೊಳ್ಳುವ ದಾರಿಯೂ ಇರಲಿಲ್ಲ. ಕಾಲು ಶತಮಾನ ರಾಜ್ಯಶಾಸ್ತ್ರ ಕಲಿಸಿದವನು ಮಾಡಬಾರದ ತಪ್ಪು ಅದು.

ಕರಡನ್ನು ಹರಿದುಹಾಕಿ, ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ತಂದು ಪ್ರತಿ ಪುಟದಲ್ಲಿ ಮೂರು ಅಂಕಣ ಎಳೆದೆ: ತಾರೀಖು, ಘಟನೆ, ಆಧಾರ. ಮೂರನೆಯ ಅಂಕಣ ತುಂಬದ ಸಾಲನ್ನು ಪೆನ್ಸಿಲಿನಲ್ಲಿಯೇ ಉಳಿಸಬೇಕೆಂಬ ಕಟ್ಟುಪಾಡು ಹಾಕಿಕೊಂಡೆ. ಇಂದಿನ ಹಾವೇರಿ ಜಿಲ್ಲೆಯ ಕಾರಡಗಿಯಲ್ಲಿ 1924ರ ಜೂನ್ 6ರಂದು ಜನನ, ಮಾನವತಾವಾದಿ ಚಿಂತಕ ಎಂ.ಎನ್. ರಾಯ್ ಅವರ ವಿಚಾರಗಳ ಪ್ರಭಾವ, ಕರ್ನಾಟಕ ಏಕೀಕರಣದ ಹೋರಾಟ, ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಸಚಿವಸ್ಥಾನ, ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ ಹೆಗಡೆಯವರು ಕೆಳಗಿಳಿದ ನಂತರ 1988ರ ಆಗಸ್ಟ್ 13ರಂದು ಮುಖ್ಯಮಂತ್ರಿ ಪದವಿ. ಇವೆಲ್ಲ ನಾಲ್ಕೈದು ಪುಟಗಳಲ್ಲಿ ಮುಗಿದವು.

ಪುಸ್ತಕ ನಿಂತದ್ದು 1989ರ ಏಪ್ರಿಲ್ ತಿಂಗಳ ಒಂದು ವಾರದ ಬಳಿ. ವೃತ್ತಪತ್ರಿಕೆಯ ಹಳೆಯ ಸಂಪುಟಗಳನ್ನು ನೋಡೋಣವೆಂದು ಗ್ರಂಥಾಲಯವೊಂದಕ್ಕೆ ಹೋದರೆ, ಮುಟ್ಟಿದಲ್ಲೆಲ್ಲ ಹಪ್ಪಳದಂತೆ ಮುರಿಯುವ ಕಾಗದ. ಅದರ ಮೇಲೆ, ನನಗೆ ಬೇಕಾದ ಪುಟವನ್ನೇ ಯಾರೋ ಪುಣ್ಯಾತ್ಮರು ಬ್ಲೇಡಿನಿಂದ ನೀಟಾಗಿ ಕತ್ತರಿಸಿಕೊಂಡು ಹೋಗಿದ್ದರು. ಕೊನೆಗೆ ಕೈಹಿಡಿದದ್ದು ಬೊಮ್ಮಾಯಿ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪೇ. ಒಂಬತ್ತು ನ್ಯಾಯಮೂರ್ತಿಗಳು ಆರು ಅಭಿಪ್ರಾಯಗಳಾಗಿ ಬರೆದ ಆ ತೀರ್ಪನ್ನು ಕಾನೂನಿನ ತತ್ತ್ವಕ್ಕಾಗಿ ಎಲ್ಲರೂ ಉದಾಹರಿಸುತ್ತಾರೆ. ಅದರೊಳಗೆ, ಮುಖ್ಯವಾಗಿ ನ್ಯಾಯಮೂರ್ತಿ ಪಿ.ಬಿ. ಸಾವಂತರು ಬರೆದ ಭಾಗದಲ್ಲಿ, ಆ ವಾರದ ದಿನಚರಿಯೇ ಅಡಗಿದೆ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ.

ಏಪ್ರಿಲ್ 15ರಂದು ಹದಿಮೂರು ಮಂದಿಯನ್ನು ಸೇರಿಸಿಕೊಂಡು ಸಂಪುಟ ವಿಸ್ತರಣೆಯಾಯಿತು. ಅದಾದ ಎರಡೇ ದಿನಕ್ಕೆ ಪಕ್ಷ ಬಿಟ್ಟ ಶಾಸಕರೊಬ್ಬರು, ಬೆಂಬಲ ಹಿಂತೆಗೆದುಕೊಂಡಿದ್ದೇವೆ ಎಂಬ ಹತ್ತೊಂಬತ್ತು ಶಾಸಕರ ಪತ್ರಗಳನ್ನು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ ಒಪ್ಪಿಸಿದರು. 19ರಂದು ರಾಜ್ಯಪಾಲರು ರಾಷ್ಟ್ರಪತಿಗೆ ವರದಿ ಕಳುಹಿಸಿದರು. 20ರಂದು ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಪ್ಪು ತಿಳಿವಳಿಕೆ ಕೊಟ್ಟು ತಮ್ಮಿಂದ ಸಹಿ ಹಾಕಿಸಿಕೊಂಡರೆಂದು ಬರೆದುಕೊಟ್ಟು ಸರ್ಕಾರದ ಪರವಾಗಿ ನಿಂತರು. ಅಂದೇ ಸಂಪುಟ ಸೇರಿ 27ರಂದು ಅಧಿವೇಶನ ಕರೆಯಲು ತೀರ್ಮಾನಿಸಿತು. ಬೊಮ್ಮಾಯಿಯವರು ಕಾನೂನು ಸಚಿವರೊಡನೆ ರಾಜಭವನಕ್ಕೆ ಹೋಗಿ, ಸದನದಲ್ಲಿಯೇ ಬಹುಮತ ತೋರಿಸುತ್ತೇನೆ ಎಂದರು. ರಾಜ್ಯಪಾಲರು ಎರಡನೆಯ ವರದಿ ಕಳುಹಿಸಿದರು. 21ರಂದು, ರಾಷ್ಟ್ರಪತಿ ಆಳ್ವಿಕೆ ಹೇರಲು ಅವಕಾಶ ಕೊಡುವ ಸಂವಿಧಾನದ 356ನೇ ವಿಧಿಯಡಿ ಸರ್ಕಾರ ವಜಾ ಆಯಿತು. ಮುಖ್ಯಮಂತ್ರಿಯಾಗಿ ಸಿಕ್ಕಿದ್ದು ಎಂಟು ತಿಂಗಳು, ಮೇಲೆ ಎಂಟು ದಿನ.

ಪುಸ್ತಿಕೆಯ ಹಣ ಹೊಂದಿಸಿದವರಲ್ಲಿ ಒಬ್ಬರಿಗೆ ಇಷ್ಟೊಂದು ತಾರೀಖುಗಳು ರುಚಿಸಲಿಲ್ಲ. ಹೊಗಳಿಕೆಯ ನಾಲ್ಕು ಮಾತು ಹೆಚ್ಚಿಸಿ ಇದನ್ನು ಒಂದು ಪ್ಯಾರಾಕ್ಕೆ ಇಳಿಸಿ ಎಂದರು. ನಾನು ಒಪ್ಪಲಿಲ್ಲ. ಹೈಕೋರ್ಟು ಅರ್ಜಿಯನ್ನು ವಜಾ ಮಾಡಿದ ಮೇಲೂ ಬಿಡದೆ ಸುಪ್ರೀಂ ಕೋರ್ಟಿಗೆ ಹೋದ ಆ ವಕೀಲರಿಗೆ 1994ರ ಮಾರ್ಚ್ 11ರಂದು ನ್ಯಾಯ ಸಿಕ್ಕಿತು, ಕುರ್ಚಿ ಸಿಗಲಿಲ್ಲ. ಅಷ್ಟರಲ್ಲಿ 1989ರ ನವೆಂಬರಿನ ಚುನಾವಣೆ ಮುಗಿದು ಕಾಂಗ್ರೆಸ್ಸು ಅಧಿಕಾರ ಹಿಡಿದು ನಾಲ್ಕು ವರ್ಷ ದಾಟಿತ್ತು. 1996ರಲ್ಲಿ ಅವರು ಕೇಂದ್ರದಲ್ಲಿ ಮಾನವ ಸಂಪನ್ಮೂಲ ಸಚಿವರಾದರು, 2007ರಲ್ಲಿ ತೀರಿಕೊಂಡರು. ನನ್ನ ಪುಸ್ತಿಕೆಯಲ್ಲಿ ಇವೆರಡಕ್ಕೆ ಸೇರಿ ಅರ್ಧ ಪುಟ, ಆ ಏಪ್ರಿಲ್ ವಾರಕ್ಕೆ ಒಂಬತ್ತು ಪುಟ.

ಅಚ್ಚಾದ ಮೇಲೆ ಮೊದಲ ಪ್ರತಿಯನ್ನು ಹಳೆ ಹುಬ್ಬಳ್ಳಿಯ ಹಿರಿಯರೊಬ್ಬರಿಗೆ ಕೊಟ್ಟೆ. ‘ಹತ್ತೊಂಬತ್ತು ಮಂದಿ ಕೈಕೊಟ್ರು’ ಎಂದು ನನ್ನ ಮೊದಲ ನೋಟುಬುಕ್ಕಿನಲ್ಲಿ ಬರೆಸಿದವರು ಅವರೇ. ಕಣ್ಣು ಮಂಜಾದ್ದರಿಂದ ಮೊಮ್ಮಗನ ಕೈಯಲ್ಲಿ ಓದಿಸಿ ಕೇಳುತ್ತಿದ್ದರು. 20ನೇ ತಾರೀಖು ಬಂದಾಗ ಕೈಯೆತ್ತಿ ನಿಲ್ಲಿಸಿದರು.

“ಏಳು ಮಂದಿ ತಿರುಗಿ ಬಂದಿದ್ರೇನ್ರೀ ಮಾಸ್ತರ?”

“ಹೌದ್ರಿ ಅಜ್ಜಾರ, ಕೋರ್ಟಿನ ತೀರ್ಪಿನಾಗ ಐತಿ.”

ಅವರು ಸ್ವಲ್ಪ ಹೊತ್ತು ಬೆರಳು ಮಡಿಚುತ್ತ ಕುಳಿತರು. “ಹಂಗಾರ ಕೈಕೊಟ್ಟಾವ್ರು ಹನ್ನೆರಡ ಮಂದಿ ಅಂದಂಗಾತು,” ಎಂದು, ಆ ಪ್ಯಾರಾವನ್ನು ಮೊದಲಿನಿಂದ ಮತ್ತೊಮ್ಮೆ ಓದಲು ಹುಡುಗನಿಗೆ ಹೇಳಿದರು.