ತೂಕದ ಜಗಳ ಬಿಟ್ಟು ದಿನದ ಲೆಕ್ಕ ಹಿಡಿದೆವು: ಸುಲಿತದ ಕೂಲಿ ವಸೂಲಿಯಾದ ಬಗೆ

ತೀರ್ಥಹಳ್ಳಿ ಕಡೆಯ ಚೇಣಿದಾರರೊಬ್ಬರು (ತೋಟದ ಅಡಿಕೆ ಫಸಲನ್ನು ಗುತ್ತಿಗೆಗೆ ಹಿಡಿಯುವವರು) ನಮ್ಮ ಗುಂಪಿಗೆ ಬಾಕಿ ಉಳಿಸಿಕೊಂಡಿದ್ದ ಅಡಿಕೆ ಸುಲಿತದ ಕೂಲಿಯನ್ನು ಕಾನೂನಿನ ದಾರಿಯಲ್ಲೇ ವಸೂಲಿ ಮಾಡುತ್ತೇನೆಂದು ನಾನು ಕೆಲವು ವರ್ಷಗಳ ಹಿಂದೆ ಹೇಳಿದಾಗ, "ಮಾರಾಯ, ಕೇಸು ಹಾಕಿದವರನ್ನು ಮುಂದಿನ ಸುಗ್ಗಿಗೆ ಯಾರು ಕರೆಯುತ್ತಾರೆ?" ಎಂದವರೇ ಹೆಚ್ಚು. ಹಣವೂ ಬಂದಿತು, ಮರುವರ್ಷ ಬೇರೆ ಇಬ್ಬರು ಚೇಣಿದಾರರಿಂದ ಕರೆಯೂ ಬಂದಿತು.

ಗುಂಪಿನಲ್ಲಿ ಹದಿನೆಂಟು ಇಪ್ಪತ್ತು ಜನ, ಬಹುಪಾಲು ಹೆಂಗಸರು. ಕೂಲಿ ಸುಲಿದ ಅಡಿಕೆಯ ಕಿಲೋ ಲೆಕ್ಕದಲ್ಲಿತ್ತು. ಚೇಣಿದಾರರು ಸುಗ್ಗಿಯ ಉದ್ದಕ್ಕೂ ಸಂತೆ ಖರ್ಚಿಗೆಂದು ವಾರವಾರ ಸ್ವಲ್ಪ ಕೊಟ್ಟು, ಉಳಿದದ್ದು ಅಡಿಕೆ ಮಂಡಿಗೆ ಹೋದ ಮೇಲೆ ಎಂದರು. ಹೋದ ಮೇಲೆ ನಮ್ಮ ತೂಕವೇ ಸುಳ್ಳು ಎಂದರು. ಠಾಣೆಯಲ್ಲಿ ಇದು ಲೆಕ್ಕದ ವ್ಯವಹಾರವೆಂದು ಹೇಳಿ ಕಳುಹಿಸಿದರು. ಊರ ಹಿರಿಯರ ಮುಂದೆ ಅರ್ಧ ಕೊಡಲು ಒಪ್ಪಿದವರು ಐದಾರು ಸಾವಿರ ಕೊಟ್ಟು ಸುಮ್ಮನಾದರು. ವಕೀಲರ ನೋಟಿಸಿಗೆ ಎರಡೂವರೆ ಸಾವಿರದಷ್ಟು ಖರ್ಚಾಯಿತು. ತಲುಪಿದ ರಸೀದಿ ಬಂದಿತು, ಉತ್ತರ ಬರಲಿಲ್ಲ. ಮೂರೂ ಕಡೆ ನಾವು ಕಿಲೋ ಲೆಕ್ಕದಲ್ಲೇ ವಾದಿಸಿದ್ದೆವು, ತಕ್ಕಡಿಯೂ ಪುಸ್ತಕವೂ ಅವರದ್ದೇ ಆಗಿದ್ದವು.

ಆಮೇಲೆ ನಾನು ಒಪ್ಪಂದದ ದರವನ್ನೇ ಬದಿಗಿಟ್ಟೆ. ಪ್ರತಿಯೊಬ್ಬರಿಗೂ ಸಂದಾಯವಾದ ಒಟ್ಟು ಹಣವನ್ನು ಅವರು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತ ದಿನಗಳಿಂದ ಭಾಗಿಸಿದಾಗ, ಕೃಷಿ ಕೆಲಸಕ್ಕೆ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿಗಿಂತ ದಿನಕ್ಕೆ ಸುಮಾರು ಇನ್ನೂರು ರೂಪಾಯಿ ಕಡಿಮೆ ಬಿದ್ದಿತು. ತೂಕಕ್ಕೆ ಸಾಕ್ಷಿ ಇಲ್ಲದಿದ್ದರೂ ದಿನಗಳಿಗೆ ಸಾಕ್ಷಿ ಇತ್ತು: ನನ್ನ ಹಾಜರಿ ಪುಸ್ತಕ, ಕರೆತರುತ್ತಿದ್ದ ಜೀಪಿನವನ ಬಾಡಿಗೆ ಚೀಟಿ, ಮೊಬೈಲಿನ ಚಿತ್ರಗಳು. ತಕ್ಕಡಿಯ ಅಂಕಿಯನ್ನು ಪ್ರತಿ ಸಂಜೆ ಚಿತ್ರ ತೆಗೆಯುವ ಪ್ರಯೋಗವನ್ನೂ ಮಾಡಿದ್ದೆ. ಮಂದ ಬೆಳಕಿನಲ್ಲಿ ಒಂದೂ ಓದಲು ಬರಲಿಲ್ಲ, ಆದರೆ ಹಿನ್ನೆಲೆಯಲ್ಲಿ ಕುಳಿತ ಹೆಂಗಸರ ಮುಖ ಮತ್ತು ತಾರೀಖು ಸ್ಪಷ್ಟವಾಗಿದ್ದವು, ಕೆಲಸಕ್ಕೆ ಬಂದದ್ದು ಅದೇ. ಹಾಜರಿ ಪುಸ್ತಕಕ್ಕೆ ಚೇಣಿದಾರರ ಲೆಕ್ಕ ಬರೆಯುವ ರೈಟರನಿಂದಲೇ ವಾರವಾರ ಸಹಿ ಬೀಳುವಂತೆ ಮಾಡಿದ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಆಗ ಇದ್ದದ್ದು 1948ರ ಕನಿಷ್ಠ ವೇತನ ಕಾಯ್ದೆ, ಅರ್ಜಿಗೆ ಆರು ತಿಂಗಳ ಗಡುವು. ನಾಲ್ಕು ತಿಂಗಳು ಅಲೆದಾಟದಲ್ಲೇ ಕಳೆದಿತ್ತು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುವುದರಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ವಕೀಲರನ್ನು ಪಡೆದು, ಆ ಕಾಯ್ದೆಯಡಿ ಅರ್ಜಿ ವಿಚಾರಿಸುವ ಅಧಿಕಾರಿಯ ಮುಂದೆ ಎಲ್ಲರೂ ಸೇರಿ ಒಂದೇ ಅರ್ಜಿ ಹಾಕಿದೆವು. ಒಬ್ಬೊಬ್ಬರೇ ಹಾಕಿದ್ದರೆ ಚೇಣಿದಾರರು ಒಬ್ಬೊಬ್ಬರನ್ನೇ ಕರೆದು ಸಮಾಧಾನ ಮಾಡಿ ಬಿಡಿಸುತ್ತಿದ್ದರು. ಹಿಂದೊಂದು ಗುಂಪಿನ ಗತಿ ಹಾಗೆಯೇ ಆಗಿತ್ತು.

ಮೊದಲ ವಿಚಾರಣೆಗಳಿಗೆ ಅವರು ಬರಲೇ ಇಲ್ಲ. ಬಂದಾಗ, ಮಾಲೀಕರು ಇಡಲೇಬೇಕಾದ ಕೂಲಿ ದಾಖಲೆ ಎಲ್ಲಿ ಎಂಬ ಪ್ರಶ್ನೆಗೆ ಅವರ ಬಳಿ ಕಾಗದವಿರಲಿಲ್ಲ. ಕೊರತೆಯ ಹತ್ತು ಪಟ್ಟಿನವರೆಗೂ ಪರಿಹಾರ ವಿಧಿಸಬಹುದೆಂದು ಅವರ ವಕೀಲರೇ ಅವರಿಗೆ ವಿವರಿಸಿರಬೇಕು. ಮುಂದಿನ ವಾರವೇ ರಾಜಿಗೆ ಬಂದರು. ಕೊರತೆಯಷ್ಟೂ, ನೆನಪಿನಂತೆ ಒಂದೂವರೆ ಲಕ್ಷ ಮೀರಿ, ಅಧಿಕಾರಿಯ ಎದುರಿನಲ್ಲೇ ಕೊಟ್ಟರು. ಅರ್ಜಿ ಹಾಕಿದ ಮೇಲೆ ನಮಗಾದ ಖರ್ಚು ಬಸ್ಸು, ಜೆರಾಕ್ಸು, ಊಟ ಸೇರಿ ನಾಲ್ಕು ಸಾವಿರದ ಒಳಗೆ. ಹೋದ ದಿನಗಳ ಕೂಲಿ ನಷ್ಟ ಅದಕ್ಕಿಂತ ಹೆಚ್ಚು.

ಈಗ ಹೊಸದಾಗಿ ಹಾಕುವವರಿಗೆ, 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಲ್ಲಿ ಮೂರು ವರ್ಷದ ಅವಕಾಶವಿದೆ, ಕೂಲಿ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆಯೂ ಮಾಲೀಕರದ್ದೇ. ಆದರೂ ನಾನು ಅಷ್ಟು ಕಾಯುವುದಿಲ್ಲ. ಚೇಣಿದಾರ ಮರುವರ್ಷ ಬೇರೆ ಸೀಮೆಯಲ್ಲಿ ತೋಟ ಹಿಡಿದರೆ ಅವನ ವಿಳಾಸ ಹುಡುಕುವುದೇ ದೊಡ್ಡ ಕೆಲಸವಾಗುತ್ತದೆ.