ಕನ್ನಡ ವಿಕಿಪೀಡಿಯದಲ್ಲಿ ಲೇಖನ ಕೆಡಿಸುವವರನ್ನು ಎದುರಿಸುವ ಬಗೆ

ಲೇಖನವೊಂದು ಕೆಟ್ಟಿರುವುದು ಕಂಡಾಗ ಮೊದಲು ಅದರ ‘ಇತಿಹಾಸ’ವನ್ನು, ಅಂದರೆ ಈವರೆಗಿನ ಬದಲಾವಣೆಗಳ ಪಟ್ಟಿಯನ್ನು ತೆರೆದು, ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಇಡೀ ಭಾಗವನ್ನು ಅಳಿಸಿ ಬೈಗುಳ ತುಂಬಿದವರೂ, ತಮ್ಮೂರಿನ ದೇವಸ್ಥಾನದ ಬಗ್ಗೆ ಆಧಾರವಿಲ್ಲದ ಎರಡು ಸಾಲು ಸೇರಿಸಿದವರೂ ಒಂದೇ ಅಲ್ಲ. ಬೈಗುಳವನ್ನು ತಕ್ಷಣ ತೆಗೆದುಹಾಕಿ, ಹಿಂದಿನ ಆವೃತ್ತಿಗೆ ಮರಳಿಸಿ, ವಾದಕ್ಕೆ ಇಳಿಯದೆ ಮುಂದೆ ಸಾಗಿ. ಆಧಾರ ಕೊಡಬೇಕೆಂಬುದು ತಿಳಿಯದ ಹೊಸಬರಿಗೆ ಮಾತ್ರ, ಸಿದ್ಧ ಎಚ್ಚರಿಕೆಯನ್ನು ಅಂಟಿಸುವ ಬದಲು, ಅವರ ಚರ್ಚೆಪುಟದಲ್ಲಿ ಸ್ವಂತ ಮಾತಿನಲ್ಲಿ ನಾಲ್ಕು ಸಾಲು ಬರೆಯಿರಿ. ಬರೆಯುವವರೇ ಕಡಿಮೆಯಿರುವ ನಮ್ಮಲ್ಲಿ ಒಬ್ಬರು ಮುನಿಸಿಕೊಂಡು ಹೋದರೂ ಅದು ದೊಡ್ಡ ನಷ್ಟ.

ನಿಜವಾಗಿ ಕಷ್ಟ ಕೊಡುವವರು ಹಟ ಹಿಡಿದವರು. ಕವಿಯೊಬ್ಬರ ಹುಟ್ಟೂರನ್ನು ಒಬ್ಬರು ದಿನವೂ ಬದಲಿಸುತ್ತಾರೆ, ನೀವು ದಿನವೂ ಸರಿಪಡಿಸುತ್ತೀರಿ ಎಂದುಕೊಳ್ಳಿ. ಎರಡನೆಯ ಸಲವೇ ನಿಲ್ಲಿಸಿ, ಆ ಲೇಖನದ ಚರ್ಚೆಪುಟದಲ್ಲಿ ಹೀಗೆ ಬರೆಯಿರಿ: ‘ನಮಸ್ಕಾರ. ತಾವು ಬದಲಿಸಿದ ಊರಿನ ಹೆಸರಿಗೆ ಯಾವ ಪುಸ್ತಕದ ಯಾವ ಪುಟ ಆಧಾರವೆಂದು ದಯವಿಟ್ಟು ತಿಳಿಸಿ. ಈಗಿರುವ ಹೆಸರಿನ ಆಧಾರವನ್ನು ಕೆಳಗೆ ಕೊಟ್ಟಿದ್ದೇನೆ.’ ಇಲ್ಲಿ ಮಾತು ಬದಲಾವಣೆಯ ಮೇಲಿದೆಯೇ ಹೊರತು ವ್ಯಕ್ತಿಯ ಮೇಲಿಲ್ಲ ಎಂಬುದನ್ನು ಗಮನಿಸಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟವನ್ನು ಮೂರಕ್ಕಿಂತ ಹೆಚ್ಚು ಸಲ ಮರಳಿಸಿದವರನ್ನು ನಿರ್ಬಂಧಿಸುವ ನಿಯಮವಿದೆ; ನಿಚ್ಚಳವಾದ ಕಿಡಿಗೇಡಿತನವನ್ನು ಅಳಿಸುವಂಥ ಕೆಲವು ಸಂದರ್ಭಗಳ ಹೊರತು, ತಾನೇ ಸರಿಯೆಂಬ ಕಾರಣಕ್ಕೆ ಅಲ್ಲಿ ವಿನಾಯಿತಿ ಸಿಗುವುದಿಲ್ಲ. ಆ ಸಂಯಮ ನಮಗೂ ಬೇಕು.

ಉತ್ತರ ಬಾರದೆ ಅದೇ ಬದಲಾವಣೆ ಮರುಕಳಿಸಿದರೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟವಾದ ಅರಳಿ ಕಟ್ಟೆಯಲ್ಲಿ ವಿಷಯವನ್ನಿಟ್ಟು, ಪುಟ ಮತ್ತು ಖಾತೆಗಳ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರವಿರುವ ನಿರ್ವಾಹಕರ ಗಮನ ಸೆಳೆಯಿರಿ. ‘ಇವರು ಯಾವಾಗಲೂ ಹೀಗೆ’ ಎಂಬ ದೂರಿನಿಂದ ಪ್ರಯೋಜನವಿಲ್ಲ. ಪ್ರತಿಯೊಂದು ಬದಲಾವಣೆಯ ಕೊಂಡಿ, ದಿನಾಂಕ ಮತ್ತು ನೀವು ಕೊಟ್ಟ ಸೂಚನೆಯ ಕೊಂಡಿಯನ್ನು ಸಾಲಾಗಿ ಕೊಟ್ಟರೆ ನಿರ್ವಾಹಕರು ಬೇಗ ತೀರ್ಮಾನಕ್ಕೆ ಬರಬಲ್ಲರು. ಅವರು ಪುಟವನ್ನು ಯಾರೆಂದರವರು ತಿದ್ದದಂತೆ ಕೆಲಕಾಲ ಸಂರಕ್ಷಿಸಬಹುದು ಅಥವಾ ಖಾತೆಯನ್ನು ನಿರ್ಬಂಧಿಸಬಹುದು. ನಿರ್ಬಂಧವಿರುವುದು ವಿಶ್ವಕೋಶವನ್ನು ಕಾಪಾಡಲೆಂದೇ ಹೊರತು ಶಿಕ್ಷಿಸಲೆಂದಲ್ಲ. ಕಾಲೇಜಿನ ಐಪಿ ವಿಳಾಸವೊಂದನ್ನು (ಅಂತರಜಾಲ ಸಂಪರ್ಕದ ಗುರುತು ಸಂಖ್ಯೆ) ದೀರ್ಘಕಾಲ ತಡೆದರೆ ಅಲ್ಲಿಂದ ಬರೆಯುವ ಇತರ ವಿದ್ಯಾರ್ಥಿಗಳಿಗೂ ಬಾಗಿಲು ಮುಚ್ಚುತ್ತದೆ. ಅದೇ ವ್ಯಕ್ತಿ ಹಲವು ಭಾಷೆಗಳ ವಿಕಿಗಳಲ್ಲಿ ಹಾವಳಿ ಮಾಡುತ್ತಿದ್ದರೆ ಎಲ್ಲ ವಿಕಿಗಳ ಸಮನ್ವಯದ ತಾಣವಾದ ಮೆಟಾ-ವಿಕಿಯಲ್ಲಿ ಸ್ಟೀವರ್ಡ್‌ಗಳಿಗೆ, ಅಂದರೆ ಎಲ್ಲ ವಿಕಿಗಳಲ್ಲೂ ಕ್ರಮ ಕೈಗೊಳ್ಳಬಲ್ಲ ಸ್ವಯಂಸೇವಕರಿಗೆ ತಿಳಿಸಿ.

ಎಷ್ಟೇ ಸಿಟ್ಟು ಬಂದಿದ್ದರೂ ಎದುರಿನವರ ನಿಜ ಹೆಸರು, ಊರು, ಉದ್ಯೋಗಗಳನ್ನು ಹುಡುಕಿ ಪ್ರಕಟಿಸಬೇಡಿ. ಅವರೇ ನಿಮಗೆ ಬೆದರಿಕೆ ಹಾಕಿದರೆ ಉತ್ತರಿಸದೆ, ಆ ಸಂದೇಶದ ಕೊಂಡಿಯನ್ನು ಉಳಿಸಿಕೊಂಡು ನಿರ್ವಾಹಕರಿಗೆ ಕೊಡಿ.