ಅಗೆದು ಸಾಗಿಸದೆ ಉಳಿಸಿಕೊಂಡ ನೆಲ: ಕಲುಷಿತ ನಿವೇಶನದ ಮರುಬಳಕೆಯಲ್ಲಿ ನನ್ನ ಅನುಭವ

ನಾನು ಕೈಗೆತ್ತಿಕೊಂಡ ಸುಮಾರು ಒಂದೂವರೆ ಎಕರೆಯ ನಿವೇಶನದಲ್ಲಿ ಹಿಂದೆ ಬ್ಯಾಟರಿ ಒಡೆದು ಸೀಸ ತೆಗೆಯುವ ಶೆಡ್, ಕ್ರೋಮ್ ಪ್ಲೇಟಿಂಗ್ ಘಟಕ ಮತ್ತು ನೆಲದಡಿಯ ಪೆಟ್ರೋಲ್ ಟ್ಯಾಂಕ್ ಇದ್ದವು. ಕಾರ್ಖಾನೆಗಳು ಮುಚ್ಚಿದ ಮೇಲೆ ಸುತ್ತಲಿನ ಬಡಾವಣೆಯೂ ಸೊರಗಿತ್ತು. ಈ ನೆಲವನ್ನು ನೋಡಿದ ತಜ್ಞರೆಲ್ಲರೂ ಇಡೀ ನಿವೇಶನವನ್ನು ಒಂದು ಮೀಟರ್ ಆಳಕ್ಕೆ ಅಗೆದು ಅಪಾಯಕಾರಿ ತ್ಯಾಜ್ಯದ ಭೂಭರ್ತಿಗೆ ಸಾಗಿಸಬೇಕು, ಇಲ್ಲವಾದರೆ ಬೇಲಿ ಹಾಕಿ ಬಿಟ್ಟುಬಿಡಬೇಕು ಎಂದರು. ಸಾಗಿಸುವುದಾದರೆ ಸುಮಾರು 10,000 ಟನ್ ಮಣ್ಣು ಹೊರಹೋಗಬೇಕಿತ್ತು, ಮತ್ತು ಅದರ ವೆಚ್ಚವು ಸ್ವಚ್ಛಗೊಂಡ ನೆಲದ ಬೆಲೆಯ ಸುಮಾರು ಎರಡು ಪಟ್ಟು ಆಗುತ್ತಿತ್ತು. ಕೊನೆಗೆ ನಾವು ಹೊರಗೆ ಕಳುಹಿಸಿದ್ದು ಹೆಚ್ಚುಕಡಿಮೆ 1,000 ಟನ್ ಮಾತ್ರ.

ಇದು ಸಾಧ್ಯವಾದದ್ದು ಮೊದಲ ಹಣವನ್ನು ಅಗೆತಕ್ಕೆ ಹಾಕದೆ ಅಳತೆಗೆ ಹಾಕಿದ್ದರಿಂದ. ನನಗಿಂತ ಮೊದಲು ನಡೆದ ಸಮೀಕ್ಷೆಯಲ್ಲಿ ಎಂಟು-ಹತ್ತು ಕಡೆ ಮಾತ್ರ ಬೋರ್ ಹಾಕಿ, ಮಾದರಿಗಳನ್ನು ಬೆರೆಸಿ ಲ್ಯಾಬಿಗೆ ಕಳುಹಿಸಲಾಗಿತ್ತು. ಬೆರೆಸಿದ ಮಾದರಿಯಲ್ಲಿ ತೀವ್ರವಾಗಿ ಕೆಟ್ಟ ಜಾಗವೂ ಚೆನ್ನಾಗಿರುವ ಜಾಗವೂ ಸೇರಿ ಸರಾಸರಿಯಾಗುವುದರಿಂದ, ಆ ವರದಿಯನ್ನು ಓದಿದವರಿಗೆ ನಿವೇಶನವೆಲ್ಲ ಒಂದೇ ಸಮನೆ ಕೆಟ್ಟಂತೆ ಕಾಣುತ್ತಿತ್ತು. ನಾವು ಐದು ಮೀಟರ್ ಚೌಕದ ಗ್ರಿಡ್ ಹಾಕಿ, ಪ್ರತಿ ಚೌಕದಲ್ಲೂ ಮೂರು ಆಳಗಳಿಂದ ಮಣ್ಣು ತೆಗೆದು, ಎಕ್ಸ್-ಕಿರಣದಿಂದ ಮಣ್ಣಿನ ಮೂಲಧಾತುಗಳನ್ನು ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಉಪಕರಣದಿಂದ ಏಳುನೂರಕ್ಕೂ ಹೆಚ್ಚು ಅಳತೆಗಳನ್ನು ಪಡೆದು, ಹತ್ತರಲ್ಲಿ ಒಂದನ್ನು ಲ್ಯಾಬಿನಲ್ಲಿ ಖಚಿತಪಡಿಸಿಕೊಂಡೆವು. ಉಪಕರಣದ ಬಾಡಿಗೆಯೂ ಲ್ಯಾಬಿನ ಶುಲ್ಕವೂ ಸೇರಿ ಯೋಜನೆಯ ಒಟ್ಟು ವೆಚ್ಚದ ನೂರಕ್ಕೆ ಐದಾರು ಪಾಲು ತಗಲಿತು. ಅಷ್ಟನ್ನು ಕಾಗದದ ಮೇಲೆ ಸುರಿಯುವುದೇಕೆ ಎಂದು ಕೇಳಿದವರಿಗೆ ಉತ್ತರ ಆ ನಕ್ಷೆಯಲ್ಲೇ ಸಿಕ್ಕಿತು: ತೀವ್ರ ಸೀಸವೆಲ್ಲ ಆಮ್ಲ ಹರಿದ ಚರಂಡಿಯ ಎರಡು ಪಕ್ಕಗಳ ಸುಮಾರು ಮೂವತ್ತು ಚೌಕಗಳಲ್ಲೇ ಇತ್ತು.

ಎಕ್ಸ್‌ಆರ್‌ಎಫ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಮಳೆಯ ನಂತರ ನೇರವಾಗಿ ನೆಲದ ಮೇಲೆ ಇಟ್ಟು ಪಡೆದ ಅಳತೆಗಳು ಲ್ಯಾಬಿನ ಫಲಿತಾಂಶಕ್ಕಿಂತ ಬಹಳ ಕಡಿಮೆ ಬಂದವು. ತೇವಾಂಶ ನೂರಕ್ಕೆ ಇಪ್ಪತ್ತು ದಾಟಿದ ಮಣ್ಣಿನಲ್ಲಿ ಆ ಸಂಖ್ಯೆಗಳನ್ನು ನಂಬುವಂತಿಲ್ಲ. ಮಣ್ಣನ್ನು ಒಣಗಿಸಿ 150 ಮೈಕ್ರಾನ್ ಜರಡಿಯಲ್ಲಿ ಹಿಡಿದ ಮೇಲೆ ಅಳತೆಗಳು ಲ್ಯಾಬಿನೊಂದಿಗೆ ಹೊಂದಿಕೊಂಡು, ಸಹಸಂಬಂಧ ಗುಣಾಂಕ (ಪೂರ್ಣ ಹೊಂದಿಕೆಯಿದ್ದರೆ 1) 0.9ರ ಮೇಲೆ ನಿಂತಿತು. ಮಕ್ಕಳ ಕೈಗೆ ಅಂಟಿ ಬಾಯಿಗೆ ಹೋಗುವುದು ಈ ನುಣುಪು ಮಣ್ಣೇ ಆದ್ದರಿಂದ, ಜರಡಿ ಹಿಡಿಯದ ಅಳತೆಗೆ ಆರೋಗ್ಯದ ದೃಷ್ಟಿಯಿಂದಲೂ ಬೆಲೆಯಿಲ್ಲ. ಸೀಸ ಹೆಚ್ಚಿರುವ ಕಡೆ ಆರ್ಸೆನಿಕ್ ಅಳತೆಯನ್ನು ಉಪಕರಣಕ್ಕೆ ಬಿಡಬಾರದು, ಏಕೆಂದರೆ ಎರಡೂ ಹೊರಸೂಸುವ ಎಕ್ಸ್-ಕಿರಣಗಳ ಮುಖ್ಯ ರೇಖೆಗಳು 10.5 ಕೆಇವಿ ಶಕ್ತಿಯ ಆಸುಪಾಸಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ನಾವು ಆರ್ಸೆನಿಕ್‌ಗಾಗಿ ಪ್ರತ್ಯೇಕವಾಗಿ ಲ್ಯಾಬಿಗೆ ಹಣ ಕೊಟ್ಟೆವು, ಮತ್ತು ಮುಂದೆ ಫಾಸ್ಫೇಟ್ ಬಳಸುವಾಗ ಆ ಹಣ ನಮ್ಮನ್ನು ಕಾಪಾಡಿತು.

ಸೀಸದ ಮಿತಿಯಾಗಿ ನಾನು ಆರಂಭದಿಂದಲೇ ಕೆಜಿಗೆ 200 ಮಿಲಿಗ್ರಾಂ ಹಿಡಿದಿದ್ದೆ. ಆಗ ಬಹುತೇಕರು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ 400ರ ಮಟ್ಟವನ್ನೇ ಅನುಸರಿಸುತ್ತಿದ್ದರು ಮತ್ತು ನಾನು ವೃಥಾ ಖರ್ಚು ಹೆಚ್ಚಿಸುತ್ತಿದ್ದೇನೆಂದು ಆಕ್ಷೇಪಿಸಿದ್ದರು. 2024ರ ಜನವರಿಯಲ್ಲಿ ಆ ಸಂಸ್ಥೆಯೇ ವಾಸಪ್ರದೇಶದ ಮಣ್ಣಿಗೆ 200ನ್ನು ಸೂಚಿಸಿದಾಗ ನಮ್ಮ ವಿನ್ಯಾಸದಲ್ಲಿ ಒಂದು ಗೆರೆಯನ್ನೂ ಬದಲಿಸಬೇಕಾಗಲಿಲ್ಲ.

ಮಧ್ಯಮ ಪ್ರಮಾಣದ ಸೀಸವಿದ್ದ ಚೌಕಗಳಲ್ಲಿ ಮುಖ್ಯ ಕೆಲಸದ ಜೊತೆಗೆ ಪ್ರಯೋಗವಾಗಿ ಸೂರ್ಯಕಾಂತಿ ಮತ್ತು ಸಾಸಿವೆ ಬೆಳೆಸಿ ನೋಡಿದೆವು. ಗಿಡಗಳು ಸೊಗಸಾಗಿ ಬಂದವು, ಬಡಾವಣೆಯವರು ಸಂತೋಷಪಟ್ಟರು, ಆದರೆ ಸೀಸವು ಬೇರಿನಲ್ಲೇ ಉಳಿದು ಕಾಂಡಕ್ಕೆ ಏರಲಿಲ್ಲ. ಕೊಯ್ಲಿನ ನಂತರ ಮಣ್ಣಿನ ಅಳತೆ ಮೊದಲಿದ್ದಲ್ಲೇ ಇತ್ತು. ಲೋಹವನ್ನು ಕರಗಿಸುವ ಇಡಿಟಿಎ ರಾಸಾಯನಿಕವನ್ನು ಹಾಕಿದರೆ ಕಾಂಡಕ್ಕೆ ಏರುತ್ತದೆ ನಿಜ, ಆದರೆ ಕರಗಿದ ಸೀಸ ಅಂತರ್ಜಲಕ್ಕೂ ಇಳಿಯುತ್ತದೆ, ಆದ್ದರಿಂದ ನಾನು ಅದನ್ನು ಮುಟ್ಟಲಿಲ್ಲ. ಫಲ ಕೊಟ್ಟದ್ದು ಮೂಳೆಪುಡಿ. ಅದರ ಫಾಸ್ಫೇಟ್ ಸೀಸದೊಂದಿಗೆ ಸೇರಿ ಸುಲಭವಾಗಿ ಕರಗದ ಪೈರೋಮಾರ್ಫೈಟ್ ಎಂಬ ಖನಿಜವಾಗುತ್ತದೆ, ಮತ್ತು ಹೊಟ್ಟೆಯ ಆಮ್ಲವನ್ನು ಅನುಕರಿಸುವ ಪರೀಕ್ಷೆಯಲ್ಲಿ ಕರಗುವ ಸೀಸದ ಪಾಲು ಸುಮಾರು ಮೂರನೇ ಒಂದರಷ್ಟು ಇಳಿಯಿತು. ಫಾಸ್ಫೇಟ್ ಆರ್ಸೆನಿಕ್ಕನ್ನು ಮಣ್ಣಿನಿಂದ ಬಿಡಿಸುವುದರಿಂದ, ಲ್ಯಾಬ್ ಆರ್ಸೆನಿಕ್ ತೋರಿಸಿದ್ದ ಮೂಲೆಯಲ್ಲಿ ಇದನ್ನು ಹಾಕಲಿಲ್ಲ. ಪುಡಿಯ ಪ್ರಮಾಣವನ್ನೂ ಅದಕ್ಕೆ ಮುಂಚೆ ಮಣ್ಣನ್ನು ಹದಗೊಳಿಸಿದ ಬಗೆಯನ್ನೂ ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಎರಡು ಮಳೆಗಾಲಗಳು ಬೇಕಾದವು.

ಪ್ಲೇಟಿಂಗ್ ಘಟಕದ ಕೆಳಗಿದ್ದ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷಕಾರಿ ರೂಪವನ್ನು ಕಡಿಮೆ ವಿಷದ ರೂಪಕ್ಕೆ ತಿರುಗಿಸಲು ಫೆರಸ್ ಸಲ್ಫೇಟ್ ಸಾಕಾಯಿತು. ಕೆಡವಿದ ಕಾಂಕ್ರೀಟನ್ನು ಪುಡಿಮಾಡಿ ತುಂಬಲು ಬಳಸಿ ಹಣ ಉಳಿಸಿದೆವಾದರೂ ಆ ಜಾಗಕ್ಕೆ ಮಾತ್ರ ಅದನ್ನು ಹಾಕಲಿಲ್ಲ, ಏಕೆಂದರೆ ಕಾಂಕ್ರೀಟಿನ ಕ್ಷಾರದಲ್ಲಿ ಕ್ರೋಮೇಟ್ ರೂಪದ ಈ ಕ್ರೋಮಿಯಂ ಮಣ್ಣಿಗೆ ಅಂಟಿಕೊಳ್ಳದೆ ನೀರಿನೊಂದಿಗೆ ಚಲಿಸುತ್ತದೆ. ಟ್ಯಾಂಕನ್ನು ಸುತ್ತಲಿನ ಮಣ್ಣಿನೊಂದಿಗೆ ತೆಗೆದೆವು, ಅದರ ಸಮೀಪದ ಕಟ್ಟಡಕ್ಕೆ ಪೆಟ್ರೋಲಿನ ಬೆಂಜೀನ್ ಆವಿ ಏರದಂತೆ ನೆಲಹಾಸಿನಡಿ ಜಲ್ಲಿ, ಪೊರೆ ಮತ್ತು ಗಾಳಿಕೊಳವೆ ಹಾಕಿದೆವು.

ಎಲ್ಲಕ್ಕಿಂತ ಕಠಿಣವಾದದ್ದು ಹಣ ಹೊಂದಿಸುವುದು. ನಿವೇಶನ ಪೂರ್ತಿ ಶುದ್ಧವಾಗಿದೆಯೆಂಬ ಪತ್ರವಿಲ್ಲದೆ ಸಾಲವಿಲ್ಲ, ಸಾಲವಿಲ್ಲದೆ ಆ ಪತ್ರ ಬರುವ ದಾರಿಯಿಲ್ಲ. ಈ ಗಂಟನ್ನು ಬಿಡಿಸಿದ್ದೂ ನಮ್ಮ ದಟ್ಟವಾದ ನಕ್ಷೆಯೇ. ಮುಂಭಾಗದ ಮೂರನೇ ಒಂದು ಪಾಲು ಮಿತಿಯೊಳಗಿದೆಯೆಂದು ಪ್ರತಿ ಚೌಕದ ಅಳತೆಯೊಂದಿಗೆ ತೋರಿಸಲು ಸಾಧ್ಯವಾದ್ದರಿಂದ, ಅಷ್ಟಕ್ಕೇ ಪ್ರತ್ಯೇಕ ಅನುಮತಿ ಪಡೆದು ಸಣ್ಣ ವರ್ಕ್‌ಶಾಪ್‌ಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟೆವು. ಆ ಬಾಡಿಗೆಯ ಒಪ್ಪಂದಗಳನ್ನೇ ಆಧಾರವಾಗಿಟ್ಟು ಹಿಂಭಾಗಕ್ಕೆ ಸಾಲ ಸಿಕ್ಕಿತು. ಒಪ್ಪಂದದಲ್ಲಿ ಹಳೆಯ ಮಾಲಿನ್ಯದ ಹೊಣೆಯನ್ನು ಹೇಗೆ ಬರೆದೆವು ಎಂಬುದು ನನ್ನ ವಕೀಲರ ಮತ್ತು ನನ್ನ ನಡುವಿನ ವಿಷಯ. ಮಾದರಿ ತೆಗೆಯುವ, ಜರಡಿ ಹಿಡಿಯುವ ಕೆಲಸಕ್ಕೆ ಬಡಾವಣೆಯ ಯುವಕ ಯುವತಿಯರನ್ನೇ ತರಬೇತಿ ಕೊಟ್ಟು ನೇಮಿಸಿಕೊಂಡೆವು. ಆ ಕೂಲಿ ಊರಿನಲ್ಲೇ ಉಳಿಯಿತು, ಮತ್ತು ಮನೆಯ ಮಕ್ಕಳೇ ತೆಗೆದ ಅಳತೆಯನ್ನು ಯಾರೂ ಅನುಮಾನಿಸಲಿಲ್ಲ.

ಈಗ ಹಿಂಭಾಗದಲ್ಲಿ ಮಧ್ಯಮ ಸೀಸವಿರುವ ಚೌಕಗಳ ಮೇಲೆ ವಾಹನ ನಿಲುಗಡೆಯೂ ಗೋದಾಮೂ, ಮಿತಿಯೊಳಗಿನ ಮೂಲೆಯಲ್ಲಿ ಆಟದ ಅಂಗಳವೂ ಇವೆ. ಗಟ್ಟಿ ನೆಲಹಾಸಿಲ್ಲದ ಕಡೆಗಳಲ್ಲಿ ಅರವತ್ತು ಸೆಂಟಿಮೀಟರ್ ಶುದ್ಧ ಮಣ್ಣಿನಡಿ ಕಿತ್ತಳೆ ಬಣ್ಣದ ಕೃತಕ ಬಟ್ಟೆಯಾದ ಜಿಯೋಟೆಕ್ಸ್‌ಟೈಲ್ ಹಾಸಿದ್ದೇವೆ. ಅದು ಕಂಡರೆ ಅಗೆತ ನಿಲ್ಲಿಸಬೇಕೆಂಬ ಷರತ್ತನ್ನು ಭೂದಾಖಲೆಗೂ ಸೇರಿಸಿದ್ದೇವೆ. ವೀಕ್ಷಣಾ ಬಾವಿಗಳ ನೀರಿನ ಪರೀಕ್ಷೆ ಮತ್ತು ಹೊದಿಕೆಯ ದುರಸ್ತಿಗಾಗಿ ಬಾಡಿಗೆಯ ಸುಮಾರು ಹತ್ತನೇ ಒಂದು ಪಾಲನ್ನು ಬೇರೆ ಖಾತೆಯಲ್ಲಿ ಇಡುತ್ತೇವೆ, ಮತ್ತು ನಿವೇಶನ ಯಾರ ಕೈಗೆ ಹೋದರೂ ಆ ಖಾತೆ ಅದರ ಜೊತೆಗೇ ಹೋಗುತ್ತದೆ.